ಯಾರೂ ನಂಬದ ಬೇನೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮೂವತ್ತೈದು ವರ್ಷ ಅಧ್ಯಾಪನ ನಡೆಸಿದ ನಾನು ಸ್ತ್ರೀರೋಗವೊಂದನ್ನು ಕುರಿತು ಲೇಖನಿ ಹಿಡಿದುದಕ್ಕೆ ವಾಚಕ ಸೋದರಿಯರು ಆಶ್ಚರ್ಯಪಡಬಹುದು. ಕಾರಣವಿಷ್ಟೆ: ಜೇವರ್ಗಿಯ ಕಡೆಯ ಹಳ್ಳಿಯೊಂದರಲ್ಲಿ ಪ್ರತಿ ತಿಂಗಳೂ ಮೂರು ದಿನ ಶಾಲೆಗೆ ಬಾರದಿದ್ದ ಬುದ್ಧಿವಂತ ಬಾಲಿಕೆಯೊಬ್ಬಳನ್ನು ನಾನು ಎಲ್ಲರೆದುರಿಗೆ ಮೈಗಳ್ಳಿಯೆಂದು ಜರೆದಿದ್ದೆನು. ಆಕೆಯು ತಲೆ ತಗ್ಗಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷಗಳ ತರುವಾಯ ಗಾಣಗಾಪುರದಲ್ಲಿ, ಭೀಮಾ ಅಮರಜಾ ಸಂಗಮದ ಬಳಿ ಭೆಟ್ಟಿಯಾದಳು. ಸಂತಾನಕ್ಕಾಗಿ ಅತ್ತೆಯವರು ಹರಕೆ ಹೊತ್ತಿದ್ದರು. ಬೇನೆಗೆ ವೈದ್ಯರು ಎಂಡೊಮೆಟ್ರಿಯೋಸಿಸ್ ಎಂದು ಹೆಸರು ಹೇಳಿದ್ದು ಆ ವರ್ಷವೇ.

ಗರ್ಭಕೋಶದ ಒಳಪೊರೆಯನ್ನು ಹೋಲುವ ಧಾತುವು ಆ ಕೋಶದ ಹೊರಗೆ, ಅಂಡಾಶಯ, ಗರ್ಭನಾಳ, ಕಿಬ್ಬೊಟ್ಟೆಯ ಒಳಪದರ ಮೊದಲಾದೆಡೆಗಳಲ್ಲಿ ಬೆಳೆಯುವುದೇ ಈ ವ್ಯಾಧಿ. ಅದರಿಂದುಂಟಾಗುವ ಉರಿಯೂತವು ಅಂಗಗಳನ್ನು ಒಂದಕ್ಕೊಂದು ಅಂಟಿಸುವುದೂ ಉಂಟು. ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯನು, ಮುಟ್ಟಿನ ರಕ್ತವು ನಾಳಗಳ ಮೂಲಕ ಹಿಮ್ಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು 1927ರಲ್ಲಿ ವಾದಿಸಿದನು. ಅದೊಂದರಿಂದಲೇ ಎಲ್ಲವೂ ವಿವರಿಸಲ್ಪಡದೆಂದು ಇಂದಿನವರ ಮತ. ಚರಕಸಂಹಿತೆಯ ಇಪ್ಪತ್ತು ಯೋನಿವ್ಯಾಪತ್ತುಗಳಲ್ಲಿ ಉದಾವರ್ತಿನಿಯೂ ಒಂದು. ಅದರಲ್ಲಿ ರಜಸ್ಸು ಕಷ್ಟದಿಂದ ಹೊರಬೀಳುವುದು, ಬಿದ್ದೊಡನೆ ಸುಖವೆನಿಸುವುದು. ಎರಡೂ ಒಂದೇ ಎಂಬುವರ ಮಾತನ್ನು ನಾನು ಒಪ್ಪಲಾರೆ. ಈ ರೋಗದಲ್ಲಿ ಸ್ರಾವವಾದ ಮೇಲೂ ಅನೇಕರಿಗೆ ಸುಖವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಪ್ರಜನನವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದುಂಟು. ಆದರೂ ರೋಗನಿರ್ಣಯಕ್ಕೆ ವರ್ಷಗಳೇ ಹಿಡಿಯುವುವು; ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಎಷ್ಟೋ ವೇಳೆ ಏನೂ ಕಾಣದು. ಈ ಅವಧಿಯಲ್ಲಿ ಮನಸ್ಸು ಕುಗ್ಗುವುದು. ಮುಂದಿನ ತಿಂಗಳ ಭಯ, ನಿದ್ರಾನಾಶ, ದಾಂಪತ್ಯದಲ್ಲಿ ನೋವು, ಬಂಜೆಯೆಂಬ ಬಿರುನುಡಿ. "ಬ್ಯಾನಿ ತಡಕೋಬಹುದ್ರಿ ಸರ, ಆದ್ರ ನಾಟಕ ಮಾಡ್ತಾಳ ಅಂತಾರಲ್ಲ, ಅದು ತಡಕೊಳ್ಳಲಿಕ್ಕ ಆಗಂಗಿಲ್ಲ" ಎಂದಳು ಆಕೆ. ನನ್ನನ್ನೂ ಸೇರಿಸಿ ಹೇಳಿದಳೆಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಪೂರ್ಣ ಪರಿಹಾರವಿನ್ನೂ ಇಲ್ಲ. ನೋವಿನ ಗುಳಿಗೆ, ಹಾರ್ಮೋನಿನ ಔಷಧ, ದರ್ಶಕಯಂತ್ರದಿಂದ ಮಾಡುವ ಶಸ್ತ್ರಕ್ರಿಯೆ, ಇವುಗಳಿಂದ ಬಹಳ ಮಂದಿಗೆ ಉಪಶಮನವಾಗುವುದು, ಗರ್ಭಧರಿಸಿದವರೂ ಅನೇಕರು. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ 14416 ಉಚಿತವಾಗಿದೆ. 2025ರಲ್ಲಿ ರಾಜ್ಯ ಸಚಿವಸಂಪುಟವು ಉದ್ಯೋಗಸ್ಥೆಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಋತುರಜೆಯನ್ನು ಒಪ್ಪಿತು, ಸಂತೋಷ. ತೊಗರಿ ಹೊಲದಲ್ಲಿ ಬಗ್ಗಿ ಕಸ ತೆಗೆಯುವ ದಿನಗೂಲಿಯವಳಿಗೆ ಆ ದಿನ ಕೂಲಿಯೇ ಇಲ್ಲ.

ಸಂಗಮದ ಮೆಟ್ಟಿಲ ಮೇಲೆ ನಾನು ಆಕೆಯ ಕ್ಷಮೆ ಬೇಡಿದೆನು. ಆಕೆಯು ನಕ್ಕು, "ಹೋಗ್ಲಿ ಬಿಡ್ರಿ ಸರ" ಎಂದಳು, ಮನ್ನಿಸಿದೆನೆಂದು ಹೇಳಲಿಲ್ಲ.