ಧೂಮಪಾನವಿಧಿಯೂ ಭಂಗೆಯ ವೇದನಾಹರತ್ವವೂ

ಗಾಂಜಾದ ಹೊಗೆಯನ್ನೋ ಆವಿಯನ್ನೋ ಸೇದಿ ಉರಿಯೂತದ ನೋವನ್ನು ತಗ್ಗಿಸಿಕೊಳ್ಳುವ ಚಿಕಿತ್ಸೆಯು ಇಸ್ರೇಲ್ ಮೊದಲಾದ ದೇಶಗಳಲ್ಲಿ ವೈದ್ಯರ ಅನುಮತಿಯಿಂದ ನಡೆಯುತ್ತಿದೆ. ಇದು ಚರಕನಲ್ಲಿಯೇ ಇದೆಯೆಂದು ಹೇಳುವವರು ನಮ್ಮಲ್ಲಿ ಹಲವರುಂಟು. ಚರಕನಲ್ಲಿ ಧೂಮಪಾನವಿದೆ, ಭಾವಪ್ರಕಾಶದಲ್ಲಿ ಭಂಗೆಯಿದೆ, ಆದುದರಿಂದ ಭಂಗೆಯ ಧೂಮವೂ ಪ್ರಾಚೀನವೆಂಬುದು ಅವರ ಅನುಮಾನ. ಈ ಲೇಖಕನೂ ಒಮ್ಮೆ ಮೂಲವನ್ನು ತೆರೆಯದೆ ವಿದ್ಯಾರ್ಥಿಗಳಿಗೆ ಹೀಗೆಯೇ ಹೇಳಿದ್ದನು. ಮೂಲವನ್ನು ನೋಡಿದ ಮೇಲೆ ಆ ಮಾತು ನಿಲ್ಲಲಿಲ್ಲ.

ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ಚರಕನು ಧೂಮಪಾನವನ್ನು ವಿಸ್ತಾರವಾಗಿ ವಿಧಿಸಿರುವನು. ಹರೇಣುಕಾ, ಪ್ರಿಯಂಗು, ಚಂದನ, ಏಲಾ, ಉಶೀರ, ಗುಗ್ಗುಲು, ಅಗುರು ಮುಂತಾದುವನ್ನು ಅರೆದು, ದರ್ಭೆಯಂತಹ ಕಡ್ಡಿಗೆ ಸವರಿ, ಒಣಗಿದ ಮೇಲೆ ಕಡ್ಡಿಯನ್ನು ಎಳೆದುಬಿಟ್ಟರೆ 8 ಅಂಗುಲದ ಟೊಳ್ಳಾದ ವರ್ತಿಯಾಗುತ್ತದೆ. ಅದನ್ನು ಸೇದುವ ನಳಿಕೆಯು ಪ್ರಾಯೋಗಿಕದಲ್ಲಿ 36, ಸ್ನೈಹಿಕದಲ್ಲಿ 32, ವೈರೇಚನಿಕದಲ್ಲಿ 24 ಅಂಗುಲ. ಅಳತೆಯು ಸೇದುವವನ ಬೆರಳಿನದೇ. ಇಷ್ಟು ಉದ್ದವೇಕೆಂದರೆ, ದೂರದಿಂದ ಬಂದ ಹೊಗೆಯು ನಳಿಕೆಯ ಗಂಟುಗಳಲ್ಲಿ ತಡೆದು ತೆಳುವಾಗಿ ಇಂದ್ರಿಯಗಳನ್ನು ಬಾಧಿಸದು. ಹೊಗೆಯನ್ನು ಬಾಯಿಂದಲೇ ಬಿಡಬೇಕು. ಮೂಗಿನಿಂದ ಬಿಟ್ಟರೆ ಕಣ್ಣಿಗೆ ಕೇಡು. ತಲೆನೋವು, ಪೀನಸ, ಕಿವಿ ಕಣ್ಣುಗಳ ಶೂಲೆ, ಕೆಮ್ಮು ಇವೇ ಮೊದಲಾದುವು ಇದರ ವಿಷಯಗಳು. ಈ ದ್ರವ್ಯಗಳ ಪಟ್ಟಿಯಲ್ಲಿ ಭಂಗೆಯಿಲ್ಲ. ಧೂಮದ ಗುರಿಯೂ ಬಹುಮಟ್ಟಿಗೆ ಕೊರಳಿನಿಂದ ಮೇಲಿನ ಭಾಗವೇ.

ಇನ್ನು ಭಂಗೆ. ಈ ಹೆಸರು ಅಥರ್ವವೇದದಷ್ಟು ಹಳೆಯದು. ಶಾರ್ಙ್ಗಧರನು ಇದನ್ನು ಅಫೀಮಿನೊಡನೆ ವ್ಯವಾಯಿಗೆ, ಎಂದರೆ ಪಚನವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ದ್ರವ್ಯಕ್ಕೆ, ಉದಾಹರಣೆಯಾಗಿ ಕೊಟ್ಟಿರುವನು. ಭಾವಮಿಶ್ರನು ಇದನ್ನು ಗ್ರಾಹಿಣೀ, ಪಾಚನೀ, ತೀಕ್ಷ್ಣ, ಉಷ್ಣ, ಮೋಹಮದಗಳನ್ನು ಹೆಚ್ಚಿಸತಕ್ಕದ್ದು ಎನ್ನುವನು. ಇಲ್ಲಿ ಗ್ರಾಹಿಣಿಯೆಂದರೆ ದ್ರವವನ್ನು ಹೀರಿ ಮಲವನ್ನು ಕಟ್ಟುವುದು. ಇದನ್ನು ಗ್ರಹಣೀರೋಗಹರವೆಂದು ಓದಿ ಪ್ರಬಂಧ ಬರೆದವರನ್ನು ನಾವು ಕಂಡಿದ್ದೇವೆ. ಒಂದು ದೀರ್ಘಸ್ವರದ ವ್ಯತ್ಯಾಸದಿಂದ ರೋಗಿಯೇ ಬದಲಾದನು!

ಆದರೆ ನಮ್ಮ ಮುಖ್ಯ ವಿಚಾರ ಬೇರೆ. ಚರಕನ ಐವತ್ತು ಮಹಾಕಷಾಯಗಳಲ್ಲಿ ಶ್ವಯಥುಹರವೆಂಬ ಗಣ ಬೇರೆ, ವೇದನಾಸ್ಥಾಪನವೆಂಬ ಗಣ ಬೇರೆ. ದಶಮೂಲವು ಮೊದಲನೆಯದು; ಶಾಲ, ಕದಂಬ, ಶಿರೀಷ, ಅಶೋಕ ಮೊದಲಾದುವು ಎರಡನೆಯದು. ಬಾವನ್ನು ಇಳಿಸುವುದೂ ನೋವನ್ನು ನಿಲ್ಲಿಸುವುದೂ ಎರಡು ಕಾರ್ಯಗಳೆಂಬ ಎಚ್ಚರ ಈ ವಿಭಾಗದಲ್ಲಿದೆ. ಆಧುನಿಕ ಪರೀಕ್ಷೆಗಳು ಕೂಡ ಇದೇ ಭೇದದ ಬಳಿಗೆ ನಮ್ಮನ್ನು ತರುತ್ತವೆ.

ಕ್ರೋನ್ ವ್ಯಾಧಿಯೆಂಬುದು ಜೀರ್ಣಮಾರ್ಗದ ಗೋಡೆಯಲ್ಲಿ ಉರಿಯೂತವು ಮರುಕಳಿಸಿ ಹುಣ್ಣು, ನೋವು, ಅತಿಸಾರ, ಕೃಶತೆಗಳನ್ನುಂಟುಮಾಡುವ ದೀರ್ಘರೋಗ. ಇಸ್ರೇಲಿನ ಕ್ಫಾರ್ ಸಾಬಾದ ಮೇಯಿರ್ ಆಸ್ಪತ್ರೆಯ ನಫ್ತಾಲಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬೇರೆ ಔಷಧಗಳಿಗೆ ಬಗ್ಗದ 21 ರೋಗಿಗಳು 8 ವಾರ ದಿನಕ್ಕೆರಡು ಸಿಗರೇಟು ಸೇದಿದರು. 11 ಮಂದಿಗೆ ಗಾಂಜಾ, 10 ಮಂದಿಗೆ ಸತ್ತ್ವವನ್ನು ತೆಗೆದ ಹೂವು. ಉಪಶಮನ ಕಂಡವರು ಕ್ರಮವಾಗಿ 10 ಮತ್ತು 4. ಪೂರ್ಣ ಶಾಂತಿ ಪಡೆದವರು 5 ಮತ್ತು 1. ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರವನ್ನು ಆಕಸ್ಮಿಕವಲ್ಲವೆಂದು ಹೇಳಲಾಗದು. ಅಲ್ಲದೆ ಮದವೇರಿದವನಿಗೆ ತನಗೆ ದೊರೆತುದು ಯಾವುದೆಂದು ತಿಳಿಯದಿರುವುದು ಕಷ್ಟ. ದೊಡ್ಡಕರುಳಿನ ವ್ರಣಶೋಥದಲ್ಲಿ 32 ರೋಗಿಗಳ ಮೇಲೆ ಇದೇ ತಂಡವು ಮಾಡಿ 2021ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಸ್ಪಷ್ಟವಾಗಿದೆ: ರೋಗಿಯ ಬಾಧೆ ಇಳಿಯಿತು, ಆದರೆ ದರ್ಶಕನಳಿಕೆಯಿಂದ ನೋಡಿದಾಗ ಕರುಳಿನ ಒಳಗೋಡೆಯಲ್ಲಿ ಅದಕ್ಕೆ ತಕ್ಕ ಗುಣ ಕಾಣಲಿಲ್ಲ.

ಕಾರಣವನ್ನು ಊಹಿಸಬಹುದು. ಭಂಗೆಯ ಮುಖ್ಯ ಸತ್ತ್ವವನ್ನು 1964ರಲ್ಲಿ ಗವೋನಿ ಮತ್ತು ಮೆಷೂಲಂ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದನ್ನು ಗ್ರಹಿಸುವ ಸ್ಥಾನಗಳಲ್ಲಿ ಒಂದು ಬಗೆಯದು ಮುಖ್ಯವಾಗಿ ಮಿದುಳು ನರಗಳಲ್ಲಿದೆ; ಇನ್ನೊಂದು ರೋಗನಿರೋಧಕ ಕಣಗಳಲ್ಲಿ ಹೆಚ್ಚು. ಉರಿಯೂತ ಇಳಿಯಬಹುದೆಂಬ ಆಸೆ ಹುಟ್ಟಿದುದು ಎರಡನೆಯದರಿಂದ. ಈ ಪರೀಕ್ಷೆಗಳಲ್ಲಿ ಎದ್ದು ಕಂಡ ಫಲವಾದರೋ ಮೊದಲನೆಯದರ ಕೆಲಸದಂತೆ ತೋರುತ್ತದೆ. ದೇಹವೇ ತಯಾರಿಸುವ ಇಂತಹದೇ ಒಂದು ದ್ರವ್ಯಕ್ಕೆ 1992ರಲ್ಲಿ ಆನಂದಮೈಡ್ ಎಂದು ಹೆಸರಿಟ್ಟರು. ಅದರ ಪೂರ್ವಪದ ನಮ್ಮ ಆನಂದವೇ.

ಸೇದುವುದರ ಪ್ರಯೋಜನ ವೇಗದಲ್ಲಿದೆ. ಶ್ವಾಸಕೋಶದಿಂದ ಸತ್ತ್ವವು ನಿಮಿಷಗಳಲ್ಲಿ ರಕ್ತಕ್ಕೆ ಸೇರಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ನುಂಗಿದರೆ ಫಲಕ್ಕೆ ಒಂದೆರಡು ಗಂಟೆ ಕಾಯಬೇಕು, ಇಳಿಯುವುದೂ ತಡ. ಆದುದರಿಂದ ಸೇದುವವನು ನೋವನ್ನು ನೋಡಿಕೊಂಡು ಪ್ರಮಾಣವನ್ನು ನಿಲ್ಲಿಸಬಲ್ಲನು. ಆದರೆ ಸುಟ್ಟ ಹೊಗೆ ಶ್ವಾಸನಾಳಗಳನ್ನು ಕೆರಳಿಸುತ್ತದೆ. ಇದಕ್ಕಾಗಿಯೇ ಸುಮಾರು 180ರಿಂದ 210 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ಸುಡದೆ ಆವಿಯನ್ನು ಎಳೆಯುವ ಉಪಕರಣಗಳು ಬಂದಿವೆ. ಚರಕನ ಉದ್ದನೆಯ ನಳಿಕೆಯನ್ನು ಇವು ನೆನಪಿಗೆ ತರುವುದೇನೋ ನಿಜ. ಆದರೆ ಅಲ್ಲಿ ಧೂಮವು ಶಿರಸ್ಸಿನ ದೋಷಕ್ಕೆ ಮದ್ದು, ಇಲ್ಲಿ ಶ್ವಾಸಕೋಶವು ಕರುಳಿನ ನೋವಿಗೆ ಬಾಗಿಲು.

ನಮ್ಮ ದೇಶದಲ್ಲಿ 1985ರ ಮಾದಕದ್ರವ್ಯಗಳ ಕಾನೂನು ಗಾಂಜಾವೆಂದರೆ ಹೂವಿನ ಅಥವಾ ಕಾಯಿಯ ತುದಿಗಳೆಂದು ಲಕ್ಷಣ ಹೇಳಿ, ತುದಿಗಳ ಜೊತೆಯಲ್ಲಿಲ್ಲದ ಬೀಜವನ್ನೂ ಎಲೆಯನ್ನೂ ಅದರಿಂದ ಹೊರಗಿಟ್ಟಿದೆ. ಶಾಸ್ತ್ರವಾಕ್ಯವನ್ನು ನಂಬಿ ರೋಗಿಯು ಸೇದತೊಡಗಿದರೆ ಕಾನೂನಿನ ತೊಡಕು ಒಂದು. ಅದಕ್ಕಿಂತ ಭಾರವಾದುದು ಇನ್ನೊಂದು. ನೋವು ನಿಂತಿತೆಂದು ಅವನು ಉರಿಯೂತದ ಔಷಧವನ್ನು ಬಿಟ್ಟನೆಂದರೆ, ಕರುಳಿನ ಹುಣ್ಣು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ; ಅದನ್ನು ತಿಳಿಸಬೇಕಾಗಿದ್ದ ವೇದನೆಯನ್ನೇ ಅವನು ಮಲಗಿಸಿರುತ್ತಾನೆ.