ತಂತಿ ಹೇಳುವ ಸುಳ್ಳು

2022ನೆಯ ಇಸವಿಯ ಮೇ ತಿಂಗಳ 17ನೆಯ ತಾರೀಖು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿರುವ ವೈಮಾನಿಕ ಪರೀಕ್ಷಾಕ್ಷೇತ್ರದ ನೆತ್ತಿಯ ಮೇಲೆ, ಏಳೆಂಟು ಸಾವಿರ ಅಡಿಗಳ ಎತ್ತರದಲ್ಲಿ ಹಾರುತ್ತಿದ್ದ ಎರಡು ಆಸನಗಳ ಒಂದು ಪುಟ್ಟ ವಿಮಾನದ ಎಂಜಿನ್ನನ್ನು ವಾಯುಸೇನೆಯ ಪರೀಕ್ಷಾಚಾಲಕರು ಬೇಕೆಂದೇ ಆರಿಸಿದರು. ಆರಿಸಿ, ಎದುರುಗಾಳಿಯ ಬಲಕ್ಕೆ ತಾನೇ ತಿರುಗುತ್ತಿದ್ದ ಪ್ರೊಪೆಲರಿನಿಂದಲೂ, ಸ್ಟಾರ್ಟರಿನ ನೆರವಿನಿಂದಲೂ ಅದನ್ನು ಮತ್ತೆ ಹೊತ್ತಿಸಬಹುದೆಂಬುದನ್ನು ಕಂಡುಕೊಂಡು ಕ್ಷೇಮವಾಗಿ ಇಳಿದರು. ಆ ವಿಮಾನ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ನಮ್ಮ ಎನ್.ಎ.ಎಲ್., ಕಟ್ಟಿದ ಹಂಸ-ಎನ್‌ಜಿ. ವೈಟ್‌ಫೀಲ್ಡಿಗೆ ಹೋಗುವ ಹಳೆಯ ವಿಮಾನನಿಲ್ದಾಣ ರಸ್ತೆಯಲ್ಲಿ ದಿನವೂ ಸಿಕ್ಕಿಬಿದ್ದು ನಿಡುಸುಯ್ಯುವ ಸಾವಿರಾರು ಮಂದಿ ಆ ಪ್ರಯೋಗಾಲಯದ ಗೋಡೆಯನ್ನು ಕಂಡವರೇ ಆದರೂ, ಆ ಗೋಡೆಯಾಚೆಗೆ ಆರಿದ ಎಂಜಿನ್ನೊಂದು ಆಕಾಶದಲ್ಲಿ ಪುನಃ ಹೊತ್ತಿಕೊಳ್ಳಬೇಕೆಂಬ ಚಿಂತೆ ನಡೆದಿತ್ತೆಂಬುದನ್ನು ಅರಿತವರು ವಿರಳ.

ತಿರುಗುತ್ತಿರುವ ಎಂಜಿನ್ನು ಹೊತ್ತಿಕೊಳ್ಳುವುದರಲ್ಲಿ ಏನು ಅತಿಶಯವೆಂದು ಹಳೆಯ ಕಾಲದ ಮೆಕಾನಿಕ್ಕು ಕೇಳಿಯಾನು. ಅವನು ಬಲ್ಲ ವಿಮಾನಯಂತ್ರದಲ್ಲಿ ಕಿಡಿಯನ್ನು ಕೊಡುತ್ತಿದ್ದದ್ದು ಮ್ಯಾಗ್ನೆಟೊ. ಅದು ಎಂಜಿನ್ನಿನೊಡನೆ ತಿರುಗಿದರೆ ಸಾಕು, ಬ್ಯಾಟರಿಯ ಹಂಗಿಲ್ಲದೆ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರು. ಅದಕ್ಕೆ ವಿದ್ಯುತ್ತೆಂಬ ಪದಾರ್ಥದ ಪರಿಚಯವೇ ಇರಲಿಲ್ಲ. ವಿಮಾನದ ತಂತಿಗಳೆಲ್ಲ ಸುಟ್ಟು ಬೂದಿಯಾದರೂ ಎಂಜಿನ್ನು ಓಡುತ್ತಲೇ ಇರುತ್ತಿತ್ತೆಂಬುದು ಆ ಜೋಡಿಯ ಹಿರಿಮೆ. ಆದರೆ ಆ ಕಾರ್ಬ್ಯುರೇಟರಿನ ಗುಣಗಾನ ಮಾಡುವವರು ಅದರ ದೋಷಗಳನ್ನು ಮರೆತಿರುತ್ತಾರೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ನಮ್ಮ ಬೆಂಗಳೂರಿನ ಆಷಾಢದ ಒದ್ದೆಗಾಳಿಯಲ್ಲಿ, ಹೊರಗೆ ಇಪ್ಪತ್ತು ಡಿಗ್ರಿಯ ಹಿತವಾದ ಹವೆ ಇರುವಾಗಲೂ, ಅದರ ಗಂಟಲಿನಲ್ಲಿ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ಕಟ್ಟುವುದುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನ ಮೂಗನ್ನು ತಟಕ್ಕನೆ ಕೆಳಕ್ಕೆ ಬಾಗಿಸಿದರೆ ಕಾರ್ಬ್ಯುರೇಟರಿನ ಪೆಟ್ರೋಲು ಮೇಲಕ್ಕೆ ಚಿಮ್ಮಿ ಎಂಜಿನ್ನು ತೊದಲುತ್ತಿತ್ತು. ಎದುರಾಳಿಯಾದ ಜರ್ಮನ್ ವಿಮಾನ, ಇಂಧನವನ್ನು ಒತ್ತಡದಿಂದ ಸಿಲಿಂಡರಿಗೇ ಚುಚ್ಚುತ್ತಿದ್ದ ಬಾಷ್ ಕಂಪನಿಯ ಪಂಪಿನ ಕೃಪೆಯಿಂದ, ನಿರಾತಂಕವಾಗಿ ಧುಮುಕಿ ಪಾರಾಗುತ್ತಿತ್ತು. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಒಂದು ಸಣ್ಣ ರಂಧ್ರವುಳ್ಳ ಬಿಲ್ಲೆಯನ್ನು ಅಳವಡಿಸಿ ಆ ಪೀಡೆಗೆ ತಾತ್ಕಾಲಿಕ ಶಮನವನ್ನು ಒದಗಿಸಿದಳು. ಅದೇ ಬಾಷ್ ಕಂಪನಿಯ ಭಾರತೀಯ ಶಾಖೆಯೇ, 1951ರಲ್ಲಿ ಸ್ಥಾಪಿತವಾಗಿ ಆಡುಗೋಡಿಯಲ್ಲಿ ನೆಲೆನಿಂತು, ಬೆಂಗಳೂರಿನ ಎರಡು ಮೂರು ತಲೆಮಾರುಗಳಿಗೆ ಅನ್ನವಿಟ್ಟ ಮೈಕೊ.

ಹಂಸ-ಎನ್‌ಜಿಯ ಎಂಜಿನ್ನು ಆಸ್ಟ್ರಿಯ ದೇಶದ ರೋಟ್ಯಾಕ್ಸ್ 912 ಐಎಸ್ ವಂಶದ್ದು. ಇದರಲ್ಲಿ ಕಾರ್ಬ್ಯುರೇಟರಿಲ್ಲ. ವಿದ್ಯುತ್ ಪಂಪು ಪೆಟ್ರೋಲನ್ನು ಸುಮಾರು ಮೂರು ಬಾರ್ ಒತ್ತಡದಲ್ಲಿ ನಿಲ್ಲಿಸಿಕೊಂಡಿರುತ್ತದೆ. ಗಾಳಿಯ ಒತ್ತಡ, ಉಷ್ಣ, ಕ್ರ್ಯಾಂಕಿನ ಸ್ಥಾನ ಇತ್ಯಾದಿಗಳನ್ನು ಸೆನ್ಸರುಗಳು ಅಳೆದು ಗಣಕಕ್ಕೆ ಅರಿಕೆಮಾಡುತ್ತವೆ. ಗಣಕವು ಲೆಕ್ಕಹಾಕಿ, ಇಂಜೆಕ್ಟರೆಂಬ ಸೂಕ್ಷ್ಮ ಕವಾಟವನ್ನು ಇಂತಿಷ್ಟು ಸಾವಿರಾಂಶ ಸೆಕೆಂಡು ತೆರೆಯೆಂದು ಆಜ್ಞೆ ಕೊಡುತ್ತದೆ. ನಿಮಿಷಕ್ಕೆ 5,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಪೂರ್ಣಚಕ್ರಕ್ಕೆ ದೊರೆಯುವ ಕಾಲ ಇಪ್ಪತ್ತೆರಡು ಸಾವಿರಾಂಶ ಸೆಕೆಂಡಿಗಿಂತಲೂ ಕಡಮೆ. ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ ಸಮುದ್ರಮಟ್ಟದಿಂದ ಹೆಚ್ಚುಕಡಮೆ 2,900 ಅಡಿ ಮೇಲಿರುವುದರಿಂದ, ದಟ್ಟವಾದ ಗಾಳಿಯಲ್ಲಿ ಈ ಲೆಕ್ಕಾಚಾರ ಹೇಗೆ ನಡೆದೀತೆಂದು ನೋಡಲು ಇಲ್ಲಿ ಅವಕಾಶವಿಲ್ಲ. ಆದಕಾರಣ 2022ರ ಆರಂಭದಲ್ಲಿ ಹಂಸವನ್ನು ಪುದುಚೇರಿಗೆ ಹಾರಿಸಿಕೊಂಡು ಹೋಗಿ ಅಲ್ಲಿ ಸಮುದ್ರಮಟ್ಟದ ಪರೀಕ್ಷೆಗಳನ್ನು ನಡೆಸಬೇಕಾಯಿತು.

ವಿದ್ಯುತ್ತು ಕೈಕೊಟ್ಟರೆ ಗತಿಯೇನೆಂಬ ಪ್ರಶ್ನೆಗೆ ನಿರ್ಮಾಪಕರು ಕೊಟ್ಟ ಉತ್ತರ ಎಲ್ಲವನ್ನೂ ಜೋಡಿಯಾಗಿ ಇಡುವುದು. ಗಣಕದಲ್ಲಿ ಲೇನ್ ಎ, ಲೇನ್ ಬಿ ಎಂಬ ಎರಡು ಪಥಗಳು, ಪ್ರತಿ ಸಿಲಿಂಡರಿಗೆ ಎರಡು ಇಂಜೆಕ್ಟರು, ಎರಡು ಪ್ಲಗ್ಗು; ಒಟ್ಟು ಎಂಜಿನ್ನಿಗೆ ಎರಡು ಪಂಪು, ಎರಡು ಜನರೇಟರು. ಒಂದು ಜನರೇಟರು ಎಂಜಿನ್ನಿನ ಯೋಗಕ್ಷೇಮಕ್ಕೆ ಮೀಸಲು, ಮತ್ತೊಂದು ವಿಮಾನದ ಉಳಿದ ಉಪಕರಣಗಳಿಗೂ ಬ್ಯಾಟರಿಗೂ. ಮೊದಲನೆಯದು ಸತ್ತರೆ ಎರಡನೆಯದು ತನ್ನ ಕೆಲಸವನ್ನು ಬಿಟ್ಟು ಎಂಜಿನ್ನಿನ ಸೇವೆಗೆ ನಿಲ್ಲುತ್ತದೆ. ದೀಪ, ರೇಡಿಯೊಗಳು ಬ್ಯಾಟರಿಯಲ್ಲಿ ಕಸುವಿರುವಷ್ಟು ಹೊತ್ತು ಬದುಕಿಕೊಳ್ಳಬೇಕು. ಎಂಜಿನ್ನೇ ನಿಂತು ಗಾಳಿಗೆ ಮಂದವಾಗಿ ತಿರುಗುತ್ತಿರುವಾಗಲಂತೂ ಜನರೇಟರುಗಳನ್ನು ನೆಚ್ಚುವಂತಿಲ್ಲ. ಗಣಕವನ್ನೂ ಪಂಪನ್ನೂ ಎಚ್ಚರವಾಗಿಡುವ ಹೊಣೆ ಬ್ಯಾಟರಿಯದು, ಬ್ಯಾಟರಿಯಿಂದ ಅವುಗಳವರೆಗೆ ಹೋಗುವ ತಂತಿಯದು. ಚಳ್ಳಕೆರೆಯ ಆಕಾಶದಲ್ಲಿ ಪರೀಕ್ಷೆಗೆ ಒಳಗಾದದ್ದು ಎಂಜಿನ್ನಿನಷ್ಟೇ ಈ ತಂತಿಯೂ ಹೌದೆಂದು ನನ್ನ ಭಾವನೆ.

ಈ ತಂತಿಯ ಕಥೆಯನ್ನು ಇನ್ನು ಮನೆಯಲ್ಲಿಯೇ ವಿಮಾನ ಕಟ್ಟುವ ಹವ್ಯಾಸಿಗಳ ಷೆಡ್ಡಿಗೆ ಒಯ್ಯುತ್ತೇನೆ. ಪ್ರಯೋಗಾಲಯದ ವಿಮಾನಕ್ಕೂ ಆ ಷೆಡ್ಡಿಗೂ ಏನು ಸಂಬಂಧವೆಂದು ವಾಚಕರು ಆಕ್ಷೇಪಿಸಬಹುದು. ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ಕಾರುಷೆಡ್ಡಿನಲ್ಲಿಯೇ ಕಟ್ಟಿಕೊಳ್ಳಲೆಂದು ಬರ್ಟ್ ರುಟಾನ್ ಎಂಬಾತ ರಚಿಸಿದ ಲಾಂಗ್-ಈಝಿ ಎಂಬ ವಿಮಾನದ ನಕ್ಷೆಯನ್ನು ತರಿಸಿ, ನಮ್ಮ ಎನ್.ಎ.ಎಲ್.ನವರು ಸ್ವತಃ ಒಂದನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಗಾಜಿನ ನಾರು, ಅಂಟು, ನೊರೆಹಲಗೆಗಳ ಸಂಯುಕ್ತದಿಂದ ವಿಮಾನದ ಮೈಯನ್ನು ಮಾಡುವ ವಿದ್ಯೆ ಅದರಿಂದ ಕೈಗೆ ಹತ್ತಿತು; 1993ರಲ್ಲಿ ಹಾರಿದ ಮೊದಲ ಹಂಸ ಆ ವಿದ್ಯೆಯ ಮುಂದುವರಿಕೆ. ಹೀಗಾಗಿ ಹಂಸದ ವಂಶವೃಕ್ಷದ ಬೇರು ಯಾವನೋ ಹವ್ಯಾಸಿಯ ಷೆಡ್ಡಿನಲ್ಲಿದೆಯೆಂದರೆ ತಪ್ಪಾಗಲಾರದು.

ಆ ಷೆಡ್ಡಿನಲ್ಲಿ ಕೆಲಸ ಮಾಡುವವನು ಎಂಜಿನ್ನನ್ನು ಅದರ ತಂತಿಗೊಂಚಲಿನೊಡನೆ ಸಿದ್ಧವಾಗಿ ಕೊಳ್ಳುತ್ತಾನೆ. ಅದರಲ್ಲಿ ದೋಷ ಅಪರೂಪ. ಆದರೆ ಬ್ಯಾಟರಿ, ಸ್ವಿಚ್ಚು, ಪಂಪು, ಎಚ್ಚರಿಕೆಯ ದೀಪ ಇವುಗಳಿಂದ ಆ ಗೊಂಚಲಿನವರೆಗಿನ ತಂತಿಗಳನ್ನು ಅವನೇ ಎಳೆಯಬೇಕು. ತೊಂದರೆ ಹುಟ್ಟುವುದು ಅಲ್ಲಿ. ಅದಕ್ಕೆ ಮುಖ್ಯ ಕಾರಣ ಕಂಪನ. ನಾಲ್ಕು ಸಿಲಿಂಡರಿನ ಎಂಜಿನ್ನು 5,500 ಸುತ್ತಿನ ವೇಗದಲ್ಲಿ ಒಂದು ತಾಸು ಓಡಿದರೆ ಆರೂವರೆ ಲಕ್ಷಕ್ಕೂ ಮಿಕ್ಕ ಸ್ಫೋಟಗಳಾಗುತ್ತವೆ, ಪ್ರತಿಯೊಂದೂ ತಂತಿಯನ್ನು ಒಮ್ಮೆ ಅಲುಗಿಸುತ್ತದೆ. ಮನೆಯ ರೇಡಿಯೊ ರಿಪೇರಿಯವನಂತೆ ಬೆಸುಗೆ ಹಾಕಿದರೆ, ಸೀಸ ಎಳೆಗಳ ನಡುವೆ ಹರಿದು ತಂತಿಯನ್ನು ಕಡ್ಡಿಯಂತೆ ಬಿರುಸಾಗಿಸಿ, ಬಿರುಸು ಮುಗಿದು ಮೃದು ಆರಂಭವಾಗುವ ಸಂಧಿಯಲ್ಲಿಯೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಆದ್ದರಿಂದ ವಿಮಾನದಲ್ಲಿ ತವರ ಲೇಪಿಸಿದ ಹತ್ತೊಂಬತ್ತು ಎಳೆಗಳ ತಂತಿಯನ್ನು ತೆಗೆದುಕೊಂಡು, ಬೆಸುಗೆಯಿಲ್ಲದೆ, ಅಳತೆಗೆ ತಕ್ಕ ಇಕ್ಕಳದಿಂದ ಲೋಹದ ತುದಿಯನ್ನು ಒತ್ತಿ ಕ್ರಿಂಪ್ ಮಾಡತಕ್ಕದ್ದೆಂಬ ನಿಯಮ.

ಕಂಪನಕ್ಕೆ ಹದಿನೆಂಟು ಎಳೆ ತುಂಡಾಗಿ ಒಂದೇ ಉಳಿದ ತಂತಿಯನ್ನು ಮಲ್ಟಿಮೀಟರಿನಿಂದ ಮುಟ್ಟಿ ನೋಡಿ. ಅದು ಪೀಂಪೀಂ ಎಂದು ಕೂಗಿ, ಸಂಪರ್ಕ ಸುಸ್ಥಿತಿಯಲ್ಲಿದೆಯೆಂದು ಸಾಕ್ಷಿ ನುಡಿಯುತ್ತದೆ. ಆ ಸಾಕ್ಷಿಯನ್ನು ನಂಬಿ ಕೆಟ್ಟವರು ಬಹುಮಂದಿ. ಪೆಟ್ರೋಲು ಪಂಪೊಂದು 5 ಆಂಪಿಯರು ಸೆಳೆಯುತ್ತದೆಂದೂ, ಸಡಿಲವಾದ ಕೂಡಿನಲ್ಲಿ 0.4 ಓಮು ಪ್ರತಿರೋಧವಿದೆಯೆಂದೂ ಇಟ್ಟುಕೊಳ್ಳೋಣ. ಮೀಟರಿನ ಸ್ವಂತ ತಂತಿಗಳೇ ಹೆಚ್ಚುಕಡಮೆ ಅಷ್ಟು ತೋರಿಸುವುದರಿಂದ ಆ ಅಲ್ಪತೆ ಕಣ್ಣಿಗೆ ಬೀಳದು; ಆದರೆ ಪಂಪು ಓಡತೊಡಗಿದೊಡನೆ ಅಲ್ಲಿ ಎರಡು ವೋಲ್ಟು ಸೋರಿಹೋಗುತ್ತದೆ. ಪಂಪು ನಿಧಾನಿಸುತ್ತದೆ, ಇಂಧನದ ಒತ್ತಡ ಇಳಿಯುತ್ತದೆ, ಇಂಜೆಕ್ಟರು ಅಷ್ಟೇ ಹೊತ್ತು ತೆರೆದರೂ ಕಡಮೆ ಪೆಟ್ರೋಲು ಬೀಳುತ್ತದೆ, ಎಂಜಿನ್ನು ತೊದಲುತ್ತದೆ. ಯಜಮಾನನು ಇಂಜೆಕ್ಟರನ್ನು ಬದಲಿಸುತ್ತಾನೆ, ಅದೂ ಸಾಲದೆ ಗಣಕವನ್ನು ಶಂಕಿಸುತ್ತಾನೆ. ಸರಿಯಾದ ಪರೀಕ್ಷೆ ಬೇರೆ: ಹೊರೆ ಹೊತ್ತ ಸ್ಥಿತಿಯಲ್ಲಿ, ತಂತಿಯ ಎರಡು ತುದಿಗಳಿಗೆ ಮೀಟರಿನ ಎರಡು ಕಡ್ಡಿಗಳನ್ನಿಟ್ಟು, ನಡುವೆ ಎಷ್ಟು ವೋಲ್ಟು ಕಳೆದುಹೋಗುತ್ತಿದೆಯೆಂದು ನೋಡುವುದು. ಆರೋಗ್ಯವಂತ ತಂತಿಯಲ್ಲಿ ಕಳೆಯುವುದು ಒಂದು ವೋಲ್ಟಿನ ಸಣ್ಣ ಭಾಗ ಮಾತ್ರ.

ಇದನ್ನು ನನಗೆ ಕಲಿಸಿದವನು ವಿಮಾನವನ್ನು ಮುಟ್ಟಿ ನೋಡಿದವನಲ್ಲ. 2020ರ ಏಪ್ರಿಲ್ 1ರಿಂದ ಬಿ.ಎಸ್. ಆರು ಎಂಬ ಹೊಗೆಯ ನಿಯಮ ಜಾರಿಗೆ ಬಂದ ಮೇಲೆ ನಮ್ಮ ಹೊಸ ಪೆಟ್ರೋಲು ಸ್ಕೂಟರುಗಳು ಬಹುಮಟ್ಟಿಗೆ ಕಾರ್ಬ್ಯುರೇಟರನ್ನು ತ್ಯಜಿಸಿ ಇಂಜೆಕ್ಷನ್ನಿಗೆ ಶರಣಾದವಷ್ಟೆ. ನನ್ನ ಸ್ಕೂಟರು ಮಳೆಗಾಲದಲ್ಲಿ ಒಂದು ದಿನ ಓಡಿ ಒಂದು ದಿನ ನಿಲ್ಲುವ ವ್ರತವನ್ನು ಹಿಡಿದಾಗ, ಹೆಸರು ಬೇಡವಾದ ಒಂದು ದೊಡ್ಡ ಅಂಗಡಿಯವರು ಗಣಕವನ್ನೇ ಬದಲಿಸಬೇಕೆಂದು ಹೇಳಿ, ಕೇಳಿದೊಡನೆ ಬೆವರೊಡೆಯುವ ಮೊತ್ತವನ್ನು ನುಡಿದರು. ಪೀಣ್ಯ ಎರಡನೆಯ ಹಂತದಲ್ಲಿ, ಲೇತುಗಳ ಕಿರುಚಾಟದ ನಡುವೆ, ತಗಡಿನ ಮಾಡಿನ ಕೆಳಗೆ ಕುಳಿತ ಮೆಕಾನಿಕ್ಕು ಅದನ್ನು ಕೇಳಿ ನಕ್ಕು, ‘ಸಾರ್, ಅರ್ತು ನೋಡಿದ್ರಾ?’ ಎಂದ. ಚೌಕಟ್ಟಿಗೆ ಬಿಗಿದ ಒಂದು ಬೋಲ್ಟನ್ನು ಬಿಚ್ಚಿ, ಹಸಿರುಗಟ್ಟಿದ ಅದರ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿದ. ಸ್ಕೂಟರು ವ್ರತಭಂಗ ಮಾಡಿತು.

ಅರ್ತು ಎಂದು ನಾವು ಕರೆಯುವ ಈ ಹಿಂದಿರುಗುವ ದಾರಿಯೇ ಸಮಸ್ತ ಗೊಂದಲಗಳ ತವರುಮನೆ. ಸ್ಕೂಟರಿಗಾದರೋ ಉಕ್ಕಿನ ಚೌಕಟ್ಟಿದೆ. ತಂತಿಯಿಂದ ಬಂದ ವಿದ್ಯುತ್ತು ಆ ಚೌಕಟ್ಟಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಹಂಸದಂತಹ ಸಂಯುಕ್ತದೇಹದ ವಿಮಾನದಲ್ಲಿ ಆ ಸೌಕರ್ಯವಿಲ್ಲ; ಹೋದ ಪ್ರತಿಯೊಂದು ತಂತಿಗೂ ಬರುವ ತಂತಿಯೊಂದನ್ನು ಎಳೆಯಬೇಕು. ಶ್ರಮಕ್ಕೆ ಬೇಸತ್ತ ಹವ್ಯಾಸಿ, ಮೋಟಾರುಕಾರಿನ ಇಂಜೆಕ್ಷನ್ ಗಣಕವನ್ನು ತಂದು ಜೋಡಿಸುವಾಗ, ಪಂಪಿನ ಮರುತಂತಿಯನ್ನೂ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರಿನ ಮರುತಂತಿಯನ್ನೂ ಒಂದೇ ಬೋಲ್ಟಿಗೆ ಕಟ್ಟಿಬಿಡುತ್ತಾನೆ. ಪಂಪಿನ ಭಾರಿ ಪ್ರವಾಹ ಆ ಬೋಲ್ಟನ್ನು 0.2 ವೋಲ್ಟಿನಷ್ಟು ಮೇಲಕ್ಕೆತ್ತಿದರೆ, ಐದು ವೋಲ್ಟಿನ ಅಳತೆಗೋಲಿನಲ್ಲಿ ಮಾತನಾಡುವ ಸೆನ್ಸರಿನ ಮಾತಿನಲ್ಲಿ ನೂರಕ್ಕೆ ನಾಲ್ಕರಷ್ಟು ಸುಳ್ಳು ಸೇರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ನಿಂತ ಎಂಜಿನ್ನು ತಾನು ಸುಮಾರು ಸಾವಿರ ಅಡಿ ಕೆಳಗಿದ್ದೇನೆಂದು ಭ್ರಮಿಸಿ, ಇಲ್ಲದ ಗಾಳಿಗೆ ಪೆಟ್ರೋಲು ಸುರಿಯತೊಡಗುತ್ತದೆ. ರೋಟ್ಯಾಕ್ಸಿನವರು ಎಂಜಿನ್ನಿನ ವ್ಯವಸ್ಥೆಯ ಋಣತಂತಿಯನ್ನು ವಿಮಾನದ ಋಣತಂತಿಯಿಂದ ಬೇರೆಯಾಗಿಯೇ ಇಡತಕ್ಕದ್ದೆಂದು ವಿಧಿಸಿರುವುದನ್ನು ಇಲ್ಲಿ ನೆನೆಯಬಹುದು.

ಇಲ್ಲಿಯೇ ಜೋಡಿವ್ಯವಸ್ಥೆಯ ಮಿತಿಯೂ ಕಾಣುತ್ತದೆ. ಸೆನ್ಸರಿನ ತಂತಿ ಪೂರ್ತಿ ಕಡಿದರೆ ಗಣಕಕ್ಕೆ ಅದು ಕ್ಷಣಾರ್ಧದಲ್ಲಿ ತಿಳಿಯುತ್ತದೆ. ಲೇನಿನ ದೀಪ ಹೊತ್ತುತ್ತದೆ, ಇನ್ನೊಂದು ಪಥ ಭಾರ ಹೊರುತ್ತದೆ, ಚಾಲಕ ಹತ್ತಿರದ ನಿಲ್ದಾಣವನ್ನು ಹುಡುಕುತ್ತಾನೆ. ಅರೆಕಡಿದ ತಂತಿಯಾದರೆ ಮೌನವಾಗಿರದೆ, ಸಂಭವನೀಯವಾದ ಸುಳ್ಳನ್ನೇ ಹೇಳುತ್ತಿರುತ್ತದೆ. ಎರಡು ಪಥಗಳೂ ಒಂದೇ ಕೆಟ್ಟ ಅರ್ತನ್ನು ನಂಬಿಕೊಂಡಿದ್ದರೆ ಇಬ್ಬರು ಸಾಕ್ಷಿಗಳೂ ಒಂದೇ ಸುಳ್ಳನ್ನು ಒಮ್ಮತದಿಂದ ನುಡಿಯುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕುಳಿತು ಇಂತಹ ಗಣಕಗಳಿಗೆ ಪ್ರೋಗ್ರಾಮು ಬರೆಯುವ ತರುಣರು ಎಷ್ಟೇ ಜಾಣರಾದರೂ, ನಂಬಲರ್ಹವಾಗಿ ಹೇಳಿದ ಸುಳ್ಳನ್ನು ಪ್ರೋಗ್ರಾಮಿನಿಂದ ಪೂರ್ತಿ ಹಿಡಿಯಲಾಗದು.

ಅದನ್ನು ಹಿಡಿಯಬೇಕಾದದ್ದು ಕೈ. ಎಂಜಿನ್ನನ್ನು ನಿಲ್ಲಿಸಿ, ಪ್ರೊಪೆಲರಿನ ಬಳಿ ಯಾರೂ ಸುಳಿಯದಂತೆ ನೋಡಿಕೊಂಡು, ಪಂಪಿಗೆ ಮಾತ್ರ ವಿದ್ಯುತ್ತು ಕೊಟ್ಟು, ಗೊಂಚಲನ್ನು ಗೇಣುಗೇಣಾಗಿ ಬಳುಕಿಸುತ್ತ ಮೀಟರಿನ ಅಂಕಿಯನ್ನು ನೋಡುತ್ತಿರಬೇಕು. ಕಪ್ಲರನ್ನು ಬಿಚ್ಚಿದಾಗ ಒಳಗಿನ ಪಿನ್ನು ಹಿಂದಕ್ಕೆ ಸರಿದಿದೆಯೇ, ಎಂಜಿನ್ನಿನ ತೊಲೆಗೆ ತಂತಿ ಉಜ್ಜಿ ಹೊದಿಕೆ ಹೊಳಪೇರಿದೆಯೇ ಎಂದು ಕಣ್ಣಿಟ್ಟು ಪರೀಕ್ಷಿಸಬೇಕು. ಒಂದು ಕಾಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಬೇಕು. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕೆಡುವ ಸಂಪರ್ಕಗಳೂ ಇರುವುದರಿಂದ, ಎಂಜಿನ್ನು ಕಾದಿರುವಾಗ ಇನ್ನೊಮ್ಮೆ ಇಷ್ಟನ್ನೂ ಮಾಡಬೇಕಾಗುತ್ತದೆ. ಅರ್ಧ ದಿನ ಹಿಡಿಯುವ ಈ ಕೆಲಸದಲ್ಲಿ ಮೀಟರಿನ ಅಂಕಿ ಒಮ್ಮೆ, ಒಂದೇ ಒಂದು ಬಳುಕಿಗೆ, 0.1ರಿಂದ 1.6ಕ್ಕೆ ಜಿಗಿದು ಮತ್ತೆ ಇಳಿದರೆ, ಬಳುಕಿಸುತ್ತಿದ್ದ ಬೆರಳನ್ನು ಅಲ್ಲಿಂದ ಕದಲಿಸಬಾರದು.