ಜಾತ್ರೆಯ ಬಂಡಿಯಿಂದ ಅಂಗೈಯ ಫೋನಿನವರೆಗೆ

ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವವರು ಇಂದಿಗೂ ಇದ್ದಾರೆ. ಜಾತ್ರೆ ದೇವಿಯ ದರ್ಶನಕ್ಕೆಂದು ನೆರೆಯುವುದಾದರೂ, ಹಿಂದೆ ಅಲ್ಲಿ ಮತ್ತೊಂದು ಕಾರ್ಯವೂ ಸದ್ದಿಲ್ಲದೆ ಸಾಗುತ್ತಿದ್ದಿತು. ಬಂಡಿಯಿಳಿದ ಹೆಂಗಸರು ಪಕ್ಕದ ಬಿಡಾರದ ಕನ್ಯೆ ಯಾರ ಮಗಳು, ಯಾವ ಊರು, ಯಾವ ಬೆಡಗು ಎಂದು ವಿಚಾರಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹುಡುಗ ಹುಡುಗಿಯರು ದೂರದಿಂದಲೇ ಒಬ್ಬರನ್ನೊಬ್ಬರು ಕಂಡೂ ಆಗಿರುತ್ತಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಅನೇಕ ಮನೆತನಗಳ ನೆಂಟಸ್ತನ ಕುದುರಿದುದು ಇಂಥ ಜಾತ್ರೆಗಳಲ್ಲಿ, ಸಂತೆಗಳಲ್ಲಿ, ಮದುವೆಮನೆಯ ಪಂಕ್ತಿಗಳಲ್ಲಿ.

ಇಂದು ಆ ನೋಟ ಅಂಗೈಯ ಫೋನಿಗೆ ಸರಿದಿದೆ. ನಮ್ಮ ದೇಶದಲ್ಲಿ ಅಂತರಜಾಲದ ವಿವಾಹ ತಾಣಗಳು ತಲೆಯೆತ್ತಿದುದು 1990ರ ದಶಕದ ಉತ್ತರಾರ್ಧದಲ್ಲಿ. ಅವುಗಳಲ್ಲಿ ಮಕ್ಕಳ ವಿವರವನ್ನು ತಂದೆತಾಯಿಗಳೂ ಬರೆಯಿಸುವುದುಂಟು. 2012ರಲ್ಲಿ ಅಮೆರಿಕದಲ್ಲಿ ಆರಂಭವಾದ ಟಿಂಡರ್‌ನಂತಹ ಆ್ಯಪ್‌ಗಳು ಇಲ್ಲಿಗೂ ಬಂದ ಮೇಲೆ ಹಿರಿಯರಿಗೆ ಅಲ್ಲಿ ಸ್ಥಳವೇ ಇಲ್ಲವಾಯಿತು. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗಳು ಹಬ್ಬಕ್ಕೆಂದು ಬೀರೂರಿನಲ್ಲಿ ರೈಲಿಳಿಯುವಾಗ, ಅವಳ ಮನಸ್ಸು ಆಗಲೇ ಒಂದು ನಿರ್ಧಾರಕ್ಕೆ ಬಂದಿರುವುದುಂಟು. ಮನೆಯವರಿಗೆ ಅದು ಸಿಡಿಲೆರಗಿದಂತೆ ತೋರುತ್ತದೆ.

ಈ ಎರಡು ಕ್ರಮಗಳಿಗಿರುವ ಮುಖ್ಯ ಭೇದವನ್ನು ನಾವು ಹೀಗೆ ಗ್ರಹಿಸಿದ್ದೇವೆ: ಜಾತ್ರೆಯಲ್ಲಿ ಮನುಷ್ಯನು ಮೊದಲು ಕಾಣುತ್ತಿದ್ದನು, ವಿವರ ಅನಂತರ ಬರುತ್ತಿತ್ತು. ವಿವಾಹ ತಾಣದಲ್ಲಿ ವಿವರವೇ ಮೊದಲು. ವಯಸ್ಸು, ಎತ್ತರ, ವಿದ್ಯೆ, ಸಂಬಳ, ಜಾತಿ, ಒಳಪಂಗಡ ಎಂದು ಜರಡಿ ಹಿಡಿದ ಮೇಲೆ ಉಳಿದವರ ಮುಖ ಮಾತ್ರ ಕಣ್ಣಿಗೆ ಬೀಳುತ್ತದೆ. ಸಾದರು, ನೊಳಂಬರು, ಪಂಚಮಸಾಲಿಗಳು ಜಾತ್ರೆಯ ಬಯಲಿನಲ್ಲಿ ಒಟ್ಟಿಗೆ ನಿಂತು ತೇರೆಳೆಯುತ್ತಾರೆ. ತಾಣದಲ್ಲಿ ಅವರವರ ಕೋಷ್ಠಕ ಬೇರೆ ಬೇರೆ. ಹೊಸ ಯಂತ್ರ ಹಳೆಯ ಗೋಡೆಯನ್ನೇ ಇನ್ನಷ್ಟು ಗಟ್ಟಿಮಾಡಿತೆಂಬುದು ವಿಚಿತ್ರವಾದರೂ ಸತ್ಯ.

ಈ ಜರಡಿಯಿಂದ ಹೆಚ್ಚು ನಷ್ಟವಾದುದು ರೈತರ ಗಂಡುಮಕ್ಕಳಿಗೆ. ತರೀಕೆರೆಯ ಕಡೆ ಅಡಿಕೆ ತೋಟ, ಕಡೂರಿನ ಕಡೆ ತೆಂಗು, ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಹೊಲ. ಇಷ್ಟಿದ್ದರೂ ಉದ್ಯೋಗದ ಕೋಷ್ಠಕದಲ್ಲಿ 'ಕೃಷಿ' ಎಂದು ಬರೆದೊಡನೆ ಆ ಯುವಕನು ಬಹಳ ಮಂದಿಯ ಕಣ್ಣಿಗೇ ಬೀಳುವುದಿಲ್ಲ. ಅವನು ಎತ್ತುಗಳನ್ನು ಹೇಗೆ ನೋಡಿಕೊಳ್ಳುತ್ತಾನೆ, ತಾಯಿಯೊಡನೆ ಹೇಗೆ ಮಾತನಾಡುತ್ತಾನೆ ಎಂಬುದನ್ನು ಬರೆಯಲು ಕೋಷ್ಠಕವಿಲ್ಲ. ಈ ಸಂಕಟ ನಮ್ಮ ಸೀಮೆಗೆ ಮೀಸಲೂ ಅಲ್ಲ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಬಂದ ಗಂಡುಗಳು ಹತ್ತು ಸಾವಿರಕ್ಕೂ ಮಿಕ್ಕಿ, ಹೆಣ್ಣುಗಳು ಇನ್ನೂರೈವತ್ತರ ಆಸುಪಾಸು ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಮರುವರ್ಷದ ಫೆಬ್ರವರಿಯಲ್ಲಿ ಮಂಡ್ಯದ ಅವಿವಾಹಿತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ನಕ್ಕು ಬಿಡುವ ಸಂಗತಿಯಲ್ಲ ಇದು.

ಆದರೆ ಫೋನನ್ನು ಹಳಿಯುವ ಹಿರಿಯರು ಹೆಣ್ಣುಮಕ್ಕಳ ಪಾಲಿನ ಲಾಭವನ್ನೂ ಎಣಿಸಬೇಕು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೇಸರಿಬಾತು ತಂದಿಟ್ಟು ತಲೆತಗ್ಗಿಸಿ ಕುಳಿತವಳಿಗೆ 'ಬೇಡ' ಎನ್ನುವ ಬಾಯಿ ಎಲ್ಲಿತ್ತು? ಫೋನಿನಲ್ಲಿ ಅವಳು ಪ್ರಶ್ನೆ ಕೇಳಬಲ್ಲಳು, ಉತ್ತರ ಹಿಡಿಸದಿದ್ದರೆ ಮಾತು ನಿಲ್ಲಿಸಬಲ್ಲಳು. ಕಾನೂನೂ ಅವಳ ಪರವಾಗಿದೆ. ಬೆಳಗಾವಿ ಜಿಲ್ಲೆಯಿಂದ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ವಯಸ್ಕರಿಬ್ಬರು ಒಪ್ಪಿ ಮದುವೆಯಾಗುವುದಾದರೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅನಿವಾರ್ಯವಲ್ಲವೆಂದು ಹೇಳಿತು. ಅಂತರಜಾತೀಯ ವಿವಾಹಗಳಿಂದ ಜಾತಿಗಳ ನಡುವಣ ಉದ್ವೇಗ ತಗ್ಗಬಹುದೆಂದೂ ಆಶಿಸಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ವೇದಿಕೆಗಳಲ್ಲಿ ಕೊಂಡಾಡುವ ನಾವು ಈ ಮಾತಿಗೆ ಬೆಚ್ಚಬೇಕಾದುದಿಲ್ಲ.

ಭಯಪಡಬೇಕಾದುದು ಬೇರೆಯೇ ಇದೆ. ವಿದೇಶದಲ್ಲಿ ವೈದ್ಯನೆಂದು ಹೇಳಿಕೊಂಡವನು ತಿಂಗಳುಗಟ್ಟಲೆ ಸವಿಮಾತನಾಡಿ, ಉಡುಗೊರೆ ಕಳುಹಿಸಿದ್ದೇನೆ, ವಿಮಾನ ನಿಲ್ದಾಣದಲ್ಲಿ ಸುಂಕದವರು ತಡೆದಿದ್ದಾರೆ, ಹಣ ಕಟ್ಟು ಎನ್ನುತ್ತಾನೆ. ವಿವಾಹ ತಾಣಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಸೂಚನೆ ನೀಡಿದ್ದರೂ ಇಂಥ ಮೋಸ ನಿಂತಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಮನೆಯವರ ಬೈಗುಳಕ್ಕೆ ಅಂಜಿ ಮಗಳು ಎರಡು ದಿನ ಮುಚ್ಚಿಟ್ಟರೆ ಹಣ ಕೈತಪ್ಪುತ್ತದೆ. ಅವಳು ಹೇಳಿಕೊಳ್ಳುವಂತಹ ಮನೆ ನಮ್ಮದಾಗಿರಬೇಕು.

ಪರಿಚಯ ಫೋನಿನಲ್ಲಿ ಆಗಲಿ, ಆದರೆ ಜಾತ್ರೆಯ ಹೆಂಗಸರು ಮಾಡುತ್ತಿದ್ದ ವಿಚಾರಣೆಯನ್ನು ಕೈಬಿಡಬಾರದು. ಹುಡುಗನ ಊರಿಗೊಮ್ಮೆ ಹೋಗಿ ಬರಬೇಕು. ಅವನು ಕೆಲಸ ಮಾಡುವ ಕಡೆ, ಓದಿದ ಕಾಲೇಜಿನಲ್ಲಿ, ಊರಬಾಗಿಲಿನ ಚಹದಂಗಡಿಯಲ್ಲಿ ನಾಲ್ಕು ಮಾತು ಕೇಳಬೇಕು. ಹೊರಡುವಾಗ ಮಗಳನ್ನೂ ಜೊತೆಗೆ ಕರೆದುಕೊಳ್ಳಬೇಕು. ಹಿಂದೆ ಗಂಡಿನ ಮನೆ ನೋಡಲು ಅವಳೊಬ್ಬಳನ್ನುಳಿದು ಮಿಕ್ಕವರೆಲ್ಲ ಬಂಡಿ ಹತ್ತುತ್ತಿದ್ದರು.